ನೆರೆಮನೆಯ ಹೆಗಲು

ಫೋಕ್ಕೊ ಶವಪೆಟ್ಟಿಗೆಯ ಮುಚ್ಚಳಕ್ಕೆ ಕೊನೆಯ ತಿರುಪು ಕೂರಿಸಿ ತಿರುಗಿಸಲು ಬಾಗಿದಾಗ ಗೇಶೆ ಅವನ ಮಣಿಕಟ್ಟು ಹಿಡಿದಳು.

“ತಡಿ. ಇನ್ನೂ ಬೇಡ.”

“ಇನ್ನೊಂದ್ಸಲ ಗಂಡನ ಮುಖ ನೋಡ್ಬೇಕಾ? ಮೊದಲೇ ಹೇಳ್ಬಾರದಿತ್ತಾ ಮಾರಾಯ್ತಿ, ಉಳಿದಿದ್ದೆಲ್ಲ ಬಿಗಿ ಮಾಡಾಯ್ತು.”

“ನಂಗಲ್ಲ. ನಿನ್ನ ಹತ್ರ ಒಂದು ಮಾತು ಆಡೋದಿದೆ. ಇವರನ್ನ ಸ್ವಲ್ಪ ಹೊರಗೆ ಕಳಿಸು.”

ಗೋಡೆಗೆ ಒರಗಿ ನಿಂತಿದ್ದ ಹೊರುವವರಲ್ಲಿ ಹಿರಿಯನಾದ ಹಿನ್ರಿಕ್ ಕರಿಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡ. “ಹೊರಗೆ ಗಾಳಿ ಕಿವಿ ಕತ್ತರಿಸ್ತಿದೆ ಗೇಶೆ. ಹಾರ್ಮ್‌ಗೇನು, ಬೆಚ್ಚಗೆ ಮಲಗಿದಾನೆ. ನಮ್ಮನ್ನೂ ಅವನ ಪಕ್ಕ ಮಲಗಿಸೋ ಯೋಚನೆನಾ ನಿಂದು?”

“ಅಡಿಗೆಮನೆ ಕಿಟಕೀಲಿ ಸಾರಾಯಿ ಬಾಟ್ಲಿ ಇದೆ, ತಗೊಂಡು ಹೋಗಿ.”

“ಹಂಗಾದ್ರೆ ಗಾಳಿ ಅಷ್ಟೇನಿಲ್ಲ ಬಿಡು,” ಎಂದು ಹಿನ್ರಿಕ್ ಉಳಿದವರನ್ನು ಹೊರಡಿಸಿಕೊಂಡು ಹೋದ.

ಕಡಲೊಡ್ಡಿನ ಹಿಂದಿರುವ ಈ ಊರಿನಲ್ಲಿ ಸತ್ತವನನ್ನು ಹೊರುವವರು ಮಕ್ಕಳೂ ಅಲ್ಲ, ನೆಂಟರೂ ಅಲ್ಲ, ನೆರೆಯವರು. ಎಡಗಡೆಯ ಮನೆಯವನು ಮೊದಲ ನೆರೆಯವ. ಮುಚ್ಚಳ ಬಿಗಿಯುವುದೂ ತಲೆಯ ಕಡೆಗೆ ಹೆಗಲು ಕೊಡುವುದೂ ಅವನ ಪಾಲು. ಅವನು ಕೈ ಹಾಕದ ಪೆಟ್ಟಿಗೆಯನ್ನು ಬೇರೆ ಯಾರೂ ಮುಟ್ಟುವುದಿಲ್ಲ. ಹಿಂದೆ ಒಬ್ಬನಿಗೆ ಹಾಗಾಗಿ, ಪಟ್ಟಣದಿಂದ ಬಾಡಿಗೆ ಆಳುಗಳು ಬಂದು ಒಯ್ದಿದ್ದರು. ಅವನ ಹೆಂಡತಿಯ ಜೊತೆ ಊರು ಆಮೇಲೆ ಹವೆಯ ವಿಷಯ ಬಿಟ್ಟು ಬೇರೇನೂ ಮಾತಾಡಲಿಲ್ಲ. ನಮ್ಮಲ್ಲಿ ಹವೆಯೋ, ವರ್ಷವಿಡೀ ಒಂದೇ.

ಹಾರ್ಮ್ ಸಿಗಡಿ ದೋಣಿಯವನು. ಐವತ್ತನಾಲ್ಕಕ್ಕೇ ಪುಪ್ಪುಸ ಕೊಳೆತು ಹೋದ. ದೊಡ್ಡ ಮನುಷ್ಯನೇನಲ್ಲ. ಇಸ್ಪೀಟಿನಲ್ಲಿ ಸೋಲುತ್ತಿದ್ದ, ಚರ್ಚಿನಲ್ಲಿ ತೂಕಡಿಸುತ್ತಿದ್ದ, ಯುದ್ಧದ ಮಾತು ಬಂದರೆ ಬಲೆ ನೋಡಿ ಬರುತ್ತೇನೆಂದು ಎದ್ದು ಹೋಗುತ್ತಿದ್ದ. ಒಂದು ಮಾತ್ರ ತಪ್ಪಿಸಿದವನಲ್ಲ. ಪ್ರತಿ ಶುಕ್ರವಾರ ಎಡಗಡೆಯ ಮನೆಯ ಟಾಲ್ಕೆ ಅಜ್ಜಿಗೆ ಮೀನು ಕೊಡುತ್ತಿದ್ದ. ಟಾಲ್ಕೆ ಫೋಕ್ಕೊನ ತಾಯಿ. ಅವಳ ಹಿರಿಯ ಮಗ ಎವರ್ಟ್, ಹಾರ್ಮ್ ಜೊತೆ ಒಂದೇ ಹಡಗಿನಲ್ಲಿದ್ದವನು, ಯುದ್ಧದ ಕೊನೆಯ ವಾರ ತೀರಿಕೊಂಡಿದ್ದ. ನೀರಲ್ಲಿ ಹುದುಗಿಸಿಟ್ಟ ಮೈನು ಹಡಗಿಗೆ ಬಡಿದು ಸಿಡಿಯಿತು, ಒಂದೇ ಕ್ಷಣ, ಅವನಿಗೆ ಗೊತ್ತೇ ಆಗಲಿಲ್ಲ ಎಂದು ಹಾರ್ಮ್ ಊರಿಗೆ ಬಂದ ದಿನವೇ ಹೇಳಿದ್ದ. ಆಗ ಫೋಕ್ಕೊಗೆ ಹತ್ತು ವರ್ಷ. ಆ ಮಾತು ಹಿಡಿದುಕೊಂಡೇ ಟಾಲ್ಕೆ ಇಷ್ಟು ಕಾಲ ಬದುಕಿದ್ದಳು.

ಈಗ ಅವಳು ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಎಂಬತ್ತು ದಾಟಿದರೂ ಸ್ಮಶಾನದವರೆಗೆ ನಡೆದೇ ಬರುತ್ತೇನೆಂದು ಹಟ.

“ಹೇಳು,” ಎಂದ ಫೋಕ್ಕೊ.

“ಹಾರ್ಮ್ ಸಾಯೋಕೆ ಮುಂಚೆ ಹೇಳಿದ್ದು. ಗೊತ್ತಿಲ್ದೆ ಫೋಕ್ಕೊ ನನ್ನ ಹೊರಬಾರದು, ಹೇಳಿಯೇ ಹೊರಿಸು ಅಂತ ಮಾತು ತಗೊಂಡ.” ಅವಳು ಪೆಟ್ಟಿಗೆಯ ಮೇಲೆ ಎರಡೂ ಕೈ ಊರಿದಳು. “ನಿಮ್ಮಣ್ಣ ಮೈನು ಬಡಿದು ಸತ್ತಿದ್ದಲ್ಲ. ಗುಂಡು ಹೊಡೆದು ಸಾಯಿಸಿದ್ದು. ನಮ್ಮವರೇ.”

* * *

ಹಾರ್ಮ್, ಎವರ್ಟ್ ಇದ್ದದ್ದು ಮೈನು ಹೆಕ್ಕುವ ಹಡಗಿನಲ್ಲಿ, ಅಂದರೆ ಕಡಲಿನ ಕಸ ಗುಡಿಸುವ ಕೆಲಸ. ಗುಡಿಸುವವನೇ ಕಸವಾಗುವುದೂ ಉಂಟು. ಆ ವಸಂತದಲ್ಲಿ ಶತ್ರು ವಿಮಾನಗಳು ಮೋಡದಿಂದ ಇಳಿದು ಹಡಗನ್ನು ಮೂತಿಯಿಂದ ಬಾಲದವರೆಗೆ ಗುಂಡಿನಿಂದ ಸೀಳಿಕೊಂಡು ಹೋದವು. ಹಿಂಬದಿಯ ಫಿರಂಗಿಯ ಬಳಿ ಇದ್ದವರು ಹೆಸರು ಹಿಡಿದು ಹೂಳುವಷ್ಟು ಉಳಿಯಲಿಲ್ಲ. ಅಡಿಗೆಯವನು ತನ್ನ ಹೊಟ್ಟೆಯನ್ನು ತಾನೇ ಎರಡು ಕೈಯಲ್ಲಿ ಹಿಡಿದುಕೊಂಡು ಏಣಿ ಹತ್ತಿ ಬಂದು, ಇನ್ನೇನು ಮಾಡಲಿ ಎಂದು ಕೇಳಿ, ಕೂತ. ಉರಿಯುವ ಟಾರ್ಪಾಲಿನಡಿ ಸಿಕ್ಕಿಬಿದ್ದ ಹಾರ್ಮ್‌ನನ್ನು ಎವರ್ಟ್ ಕೂದಲು ಹಿಡಿದು ಎಳೆದು ಹಾಕಿದ. ಆಮೇಲೆ ಇಬ್ಬರೂ ಕಾಲು ಜಾರದಂತೆ ರಕ್ತದ ಮೇಲೆ ಮರಳು ಚೆಲ್ಲಿದರು.

ಮೇ ತಿಂಗಳ ಮೊದಲ ವಾರ, ಡೆನ್ಮಾರ್ಕಿನ ಒಂದು ಕೊಲ್ಲಿಯಲ್ಲಿ ನಿಂತಿದ್ದಾಗ, ನಮ್ಮ ಉತ್ತರದ ಪಡೆಗಳೆಲ್ಲ ಶರಣಾದವೆಂದು ರೇಡಿಯೋ ಹೇಳಿತು. ಹುಡುಗರು ಟೋಪಿ ಎಸೆದರು. ಕಪ್ತಾನ ಮಾತ್ರ ಲಂಗರು ಎತ್ತಿಸಿ ಪೂರ್ವಕ್ಕೆ ತಿರುಗಿಸೆಂದ. ಪೂರ್ವದಲ್ಲಿ ಯುದ್ಧ ಇನ್ನೂ ಇತ್ತು.

ಎವರ್ಟ್ ಎಂಜಿನ್ ಕೋಣೆಯವನು. ಎಣ್ಣೆ ಪಂಪಿನ ಒಂದು ಭಾಗ ಬಿಚ್ಚಿ ಕಡಲಿಗೆಸೆದ. ಇನ್ನಿಬ್ಬರು ಅವನಿಗೆ ಬೆಳಕು ಹಿಡಿದಿದ್ದರು.

“ಎಂಜಿನ್ನಿಗೇನಾಯ್ತು?” ಎಂದು ಕಪ್ತಾನ ಕೇಳಿದ್ದಕ್ಕೆ, “ರೇಡಿಯೋ ಕೇಳ್ತು ಅನ್ಸತ್ತೆ ಸಾಹೇಬ್ರೆ,” ಎಂದಿದ್ದ.

ಇನ್ನೊಂದು ಹಡಗಿನಿಂದ ಅಧಿಕಾರಿಗಳು ಬಂದರು. ಆಲೂಗಡ್ಡೆ ಸಿಪ್ಪೆ ಸರಿಸಿ ಊಟದ ಮೇಜಿನ ಮೇಲೇ ನ್ಯಾಯ ನಡೆಸಿದರು. ಮೂವರಿಗೂ ಮರಣ. ಹೊಡೆಯುವವರು ಅದೇ ಹಡಗಿನವರೇ ಆಗಬೇಕು, ಪಾಠ ಹತ್ತಬೇಕಲ್ಲ. ಆರಿಸಿದ ಹತ್ತು ಜನರಲ್ಲಿ ಹಾರ್ಮ್ ಒಬ್ಬ.

* * *

ಹೊರಗೆ ಹಿನ್ರಿಕ್ ಏನೋ ಹೇಳಿ ನಗಿಸಿದ್ದು ಕೇಳಿಸಿತು.

“ಹೊಡ್ದಿಲ್ಲ ಅಂದಿದ್ರೆ ಇವನನ್ನೂ ಆ ಮೂವರ ಸಾಲಲ್ಲಿ ನಿಲ್ಲಿಸ್ತಿದ್ರು,” ಎಂದ ಫೋಕ್ಕೊ.

“ಹೌದು.”

“ಇಪ್ಪತ್ತೊಂದು ವರ್ಷದ ಹುಡುಗ. ಬಂದೂಕು ಕೊಟ್ಟು ಹೊಡಿ ಅಂದ್ರು, ಹೊಡ್ದ. ನಾನಾದ್ರೂ ಇನ್ನೇನು ಮಾಡ್ತಿದ್ದೆ?” ಅವನು ಅಂಗೈಯಿಂದ ಮುಖ ಒರೆಸಿಕೊಂಡ. “ನಮ್ಮಮ್ಮನ ಮುಂದೆ ಸುಳ್ಳು ಹೇಳಿದ. ಹೇಳ್ಳಿ ಬಿಡು. ನಿಜ ಹೇಳಿದ್ರೆ ಅವಳೇನು ಬದುಕ್ತಿದ್ದಳಾ? ಕೈ ತೆಗಿ. ತಿರುಪು ಹಾಕ್ತೀನಿ. ಪಾದ್ರಿಗಳು ಕಾಯ್ತಿದಾರೆ.”

ಗೇಶೆ ಕೈ ತೆಗೆದಳು. ಅಷ್ಟಕ್ಕೇ ಬಿಟ್ಟಿದ್ದರೆ ಆಗಿಹೋಗುತ್ತಿತ್ತು. ಗಂಡ ಮರ್ಯಾದೆಯಿಂದ ಮನೆ ಬಿಡುತ್ತಿದ್ದ, ಹೂಳಿದ ಮೇಲೆ ಊರಿಗೆ ಊರೇ ಬಂದು ಬೆಣ್ಣೆ ಕೇಕು ತಿಂದು ಹೋಗುತ್ತಿತ್ತು, ಅವಳು ಉಳಿದ ಆಯುಸ್ಸನ್ನು ಈ ಬೀದಿಯಲ್ಲೇ ತಲೆಯೆತ್ತಿ ಕಳೆಯುತ್ತಿದ್ದಳು. ಬಾಯಿ ಮುಚ್ಚಿಕೊಳ್ಳುವ ಆಸೆ ಅವಳಿಗೆ ಹಸಿವಿನಷ್ಟೇ ಜೋರಾಗಿ ಆಯಿತು. ಆದರೆ ಹಾರ್ಮ್ ಅರ್ಧ ಹೇಳು ಅಂದಿರಲಿಲ್ಲ.

“ಫೋಕ್ಕೊ. ಅದು ಅರ್ಧ.”

* * *

ಮೂವರನ್ನೂ ಹಡಗಿನ ಹಿಂಬದಿಯ ಕಟಕಟೆಗೆ ಬೆನ್ನು ಮಾಡಿ ನಿಲ್ಲಿಸಿದ್ದರು. ಸಂಜೆ ಬೆಳಕು ಚೆನ್ನಾಗಿತ್ತು, ದಡದಲ್ಲಿ ಹಸುಗಳು ಮೇಯುತ್ತಿದ್ದವು. ಎವರ್ಟ್ ಕಣ್ಣಿಗೆ ಬಟ್ಟೆ ಬೇಡವೆಂದ. ಸಾಲಿನಲ್ಲಿ ಹಾರ್ಮ್ ಕಂಡಾಗ ಹುಬ್ಬೇರಿಸಿದ.

“ನೀನಾ? ಸತ್ತೆ ಬಿಡು ನಾನು. ನೋಡು ಹಾರ್ಮ್, ಬಾತುಕೋಳಿ ಹೊಡ್ದಂಗೆ ಹೊಡೀಬೇಡ ಮಾರಾಯ. ಒಂದೇ ಏಟಿಗೆ ಮುಗಿಸು.”

ಹುಡುಗರಾಗಿದ್ದಾಗ ಕಡಲೊಡ್ಡಿನ ಮೇಲೆ ಹಾರ್ಮ್ ಹೊಡೆದ ಬಾತುಕೋಳಿಗಳು ಯಾವಾಗಲೂ ಅರೆಜೀವವಾಗಿ ಬೀಳುತ್ತಿದ್ದವು, ಎವರ್ಟ್ ಓಡಿಹೋಗಿ ಕತ್ತು ಮುರಿಯುತ್ತಿದ್ದ.

ಆದೇಶ ಬರುವ ಮೊದಲೇ ಹಾರ್ಮ್ ನಿರ್ಧರಿಸಿದ್ದ. ನಾನು ಇವನನ್ನು ಕೊಲ್ಲುವುದಿಲ್ಲ. ಉಳಿದವರು ಒಂಬತ್ತು ಜನ ಇದ್ದಾರೆ, ಅವರು ಕೊಲ್ಲಲಿ. ಬಂದೂಕಿನ ಮೂತಿಯನ್ನು ಒಂದಿಷ್ಟೇ ಕೆಳಗಿಳಿಸಿದ. ಹೊಡಿ ಎಂದರು. ಹೊಡೆದ.

ಹೊಗೆ ಸರಿದಾಗ ಮೂವರೂ ಬಿದ್ದು ಹೊರಳಾಡುತ್ತಿದ್ದರು. ಯಾರೂ ಸತ್ತಿರಲಿಲ್ಲ. ಹತ್ತೂ ಜನ ಕೊಲ್ಲುವ ಕೆಲಸವನ್ನು ಉಳಿದ ಒಂಬತ್ತು ಜನಕ್ಕೆ ಬಿಟ್ಟಿದ್ದರು.

ಒಬ್ಬನ ಮೊಣಕಾಲು ಹಾರಿಹೋಗಿತ್ತು. ಒಬ್ಬನ ದವಡೆ ಇರಲಿಲ್ಲ, ಆದರೂ ಅವನಿಂದ ಸದ್ದು ಬರುತ್ತಿತ್ತು. ಎವರ್ಟ್‌ಗೆ ಹೊಟ್ಟೆಯ ಕೆಳಗೆ ಬಿದ್ದಿತ್ತು, ಹಾರ್ಮ್ ಮೂತಿ ಇಳಿಸಿದ ಜಾಗಕ್ಕೇ. ಅಧಿಕಾರಿ ಬಯ್ಯುತ್ತ ಬಂದು ಪಿಸ್ತೂಲಿನಿಂದ ಒಬ್ಬನ ತಲೆಗೆ ಹೊಡೆದ, ಇನ್ನೊಬ್ಬನ ತಲೆಗೆ ಹೊಡೆದ. ಮೂರನೆಯದಕ್ಕೆ ಪಿಸ್ತೂಲು ಸಿಕ್ಕಿಕೊಂಡಿತು. ಎರಡು ಸಲ ಎಳೆದು ನೋಡಿದ. ಗಡಿಯಾರವನ್ನೂ ನೋಡಿದ.

“ಸಾಕು. ಕಬ್ಬಿಣ ಕಟ್ಟಿ ಎಸೀರಿ.”

ಕಟ್ಟಿದವನು ಹಾರ್ಮ್. ಅವನನ್ನೇ ಕರೆದಿದ್ದರು. ಕಾಲಿಗೆ ಹಗ್ಗ ಸುತ್ತುವಾಗ ಎವರ್ಟ್ ಅವನ ಕಾಲರು ಹಿಡಿದುಕೊಂಡ. ಬಿಡಿಸಲು ಒಂದೊಂದೇ ಬೆರಳು ಬಿಡಿಸಬೇಕಾಯಿತು. ಕಟಕಟೆಯ ಮೇಲೆ ಎತ್ತಿ ದೂಡಿದಾಗ ಎವರ್ಟ್‌ನ ಕಣ್ಣು ತೆರೆದಿತ್ತು, ಬಾಯಲ್ಲಿ ಮಾತಿತ್ತು. ಏನೆಂದು ನೀರಿನ ಸದ್ದಿನಲ್ಲಿ ಕೇಳಿಸಲಿಲ್ಲ.

* * *

“ಜೀವ ಇತ್ತಾ?” ಎಂದ ಫೋಕ್ಕೊ.

“ಇತ್ತು.”

“ಇವನಿಗೆ ಗೊತ್ತಿತ್ತಾ?”

“ಗೊತ್ತಿತ್ತು.”

ಫೋಕ್ಕೊ ಬಿಗಿದಿದ್ದ ತಿರುಪುಗಳನ್ನು ಒಂದೊಂದಾಗಿ ಬಿಚ್ಚತೊಡಗಿದ. ಗೇಶೆ ಬೇಡ ಅನ್ನಲಿಲ್ಲ. ಮುಚ್ಚಳ ಎತ್ತಿ ಗೋಡೆಗೆ ಒರಗಿಸಿ, ಬಿಳಿ ಅಂಗಿಯಲ್ಲಿ ತಲೆ ಬಾಚಿಸಿಕೊಂಡು ಮಲಗಿದ್ದ ಹಾರ್ಮ್‌ನ ಎದೆಪಟ್ಟಿ ಹಿಡಿದು ಅರ್ಧ ಮೇಲೆತ್ತಿದ. ಹೊಡೆದ. ಬಾಯಿಯ ಮೇಲೆ ಹೊಡೆದ, ಮತ್ತೆ ಅಲ್ಲಿಗೇ ಹೊಡೆದ, ಒಳಗೆ ಏನೋ ಮುರಿದ ಸದ್ದು ಬರುವವರೆಗೂ ಹೊಡೆದ. ಸತ್ತವನಿಗೆ ರಕ್ತ ಬರುವುದಿಲ್ಲ. ಬಂದದ್ದೆಲ್ಲ ಫೋಕ್ಕೊನದು, ಹಲ್ಲು ತಾಗಿ ಗೆಣ್ಣುಗಳು ಸೀಳಿದ್ದವು.

“ಶುಕ್ರವಾರ ಶುಕ್ರವಾರ ಮೀನು,” ಎನ್ನುತ್ತಿದ್ದ ಪ್ರತಿ ಏಟಿಗೂ. “ಮೀನು ತರ್ತೀಯಾ ಸೂಳೇಮಗನೆ. ಯಾವ ನೀರಿನ ಮೀನು ತಿನ್ನಿಸ್ದೆ ನಮ್ಮಮ್ಮಂಗೆ.”

ಗೇಶೆ ಪೆಟ್ಟಿಗೆಯ ಆ ಬದಿಯಲ್ಲಿ ನಿಂತೇ ಇದ್ದಳು. ಮೂವತ್ತು ವರ್ಷ ಪಕ್ಕದಲ್ಲಿ ಮಲಗಿದ ಮುಖವದು. ಒಂದೊಂದು ಏಟೂ ಅವಳ ಹಲ್ಲಿಗೇ ಬಿತ್ತು.

ಬಾಗಿಲಾಚೆಯಿಂದ ಹಿನ್ರಿಕ್ ಕೇಳಿದ, “ಏನದು ಸದ್ದು? ಹಾರ್ಮ್ ಎದ್ದು ಕೂತ್ನಾ?”

“ಮುಚ್ಚಳ ಕೂರ್ತಿಲ್ಲ,” ಎಂದಳು ಗೇಶೆ. ಸ್ವರ ಸರಿಯಾಗಿಯೇ ಬಂತು.

ಫೋಕ್ಕೊ ಕೈಬಿಟ್ಟ. ಹೆಣ ಓರೆಯಾಗಿ ಬಿತ್ತು. ಗೇಶೆ ಬಾಗಿ ತಲೆ ನೆಟ್ಟಗೆ ಮಾಡಿ, ಜಾರಿದ ದವಡೆಯನ್ನು ಅಂಗೈಯಿಂದ ಒತ್ತಿ ಮೇಲೆ ಕೂರಿಸಿದಳು. ಅದು ನಿಲ್ಲಲಿಲ್ಲ. ಇನ್ನೊಮ್ಮೆ ಕೂರಿಸಿದಳು.

“ಬಾಡಿಗೆ ಗಾಡಿಗೆ ಫೋನ್ ಮಾಡ್ತೀನಿ,” ಎಂದಳು. “ನೀನು ಹೋಗು. ಯಾರಾದ್ರೂ ಕೇಳಿದ್ರೆ ನಾನೇ ಏನಾದ್ರೂ ಹೇಳ್ತೀನಿ.”

ಫೋಕ್ಕೊ ಕಿಟಕಿಯತ್ತ ನೋಡಿದ. ಟಾಲ್ಕೆ ಕುರ್ಚಿಯಿಂದ ಎದ್ದು ಕೋಲು ಊರಿ ನಿಂತಿದ್ದಳು. ಬಾಗಿಲು ಯಾವಾಗ ತೆರೆಯುತ್ತದೆಂದು ನೋಡುತ್ತಿದ್ದಳು.

“ಯಾಕೆ ಹೊರಲಿಲ್ಲ ಅಂತ ನಮ್ಮಮ್ಮ ಕೇಳ್ತಾಳೆ. ನೀನು ಏನು ಹೇಳಿದ್ರೂ ನಂಬಲ್ಲ. ನನ್ನ ಬಾಯಿಂದ ಬರೋವರೆಗೂ ಬಿಡೋಳಲ್ಲ ಅವಳು.” ಅವನು ಮುಚ್ಚಳ ಎತ್ತಿಕೊಂಡ. “ಆ ಕಡೆ ಹಿಡಿ.”

* * *

ಸ್ಮಶಾನದವರೆಗೂ ಹೊತ್ತ. ಒಡ್ಡಿನ ಮೇಲೆ ಗಾಳಿಗೆ ಪೆಟ್ಟಿಗೆ ವಾಲಿದಾಗಲೆಲ್ಲ ಒಳಗಿನ ತೂಕ ತಲೆಯ ಕಡೆಗೆ, ಅವನ ಹೆಗಲಿಗೇ ಜರುಗುತ್ತಿತ್ತು. ಹಾರ್ಮ್ ಕಡಲಿನಲ್ಲಿ ನಂಬಿಗಸ್ತ ಗೆಳೆಯನಾಗಿದ್ದ ಎಂದು ಪಾದ್ರಿ ಹೇಳಿದಾಗ ಫೋಕ್ಕೊ ತನ್ನ ಬೂಟು ನೋಡುತ್ತಿದ್ದ. ಹಗ್ಗ ಸಡಿಲಿಸುತ್ತ ಪೆಟ್ಟಿಗೆಯನ್ನು ಗುಂಡಿಗಿಳಿಸಿದ. ಗೇಶೆ ಒಂದು ಹಿಡಿ ಮಣ್ಣು ಹಾಕಿ, ಅವನ ಕಡೆ ನೋಡದೆ ಹಿಂದೆ ಸರಿದಳು.

ಟಾಲ್ಕೆ ಗುಂಡಿಯ ಅಂಚಿಗೆ ಬಂದು ಬಹಳ ಹೊತ್ತು ನಿಂತಳು. ಕರವಸ್ತ್ರದಿಂದ ಕಣ್ಣೊತ್ತಿಕೊಂಡಷ್ಟೂ ಕಣ್ಣು ತುಂಬುತ್ತಿತ್ತು. ಅವಳು ಗಂಡ ಸತ್ತಾಗಲೂ ಹೀಗೆ ಅತ್ತಿರಲಿಲ್ಲವೆಂದು ಹಿಂದೆ ಯಾರೋ ಪಿಸುಗುಟ್ಟಿದರು.

“ಕೊನೆಗಳಿಗೇಲಿ ನನ್ನ ಮಗನ ಜೊತೆಗಿದ್ದೋನು ಇವನೊಬ್ನೇ ಕಣೋ ಫೋಕ್ಕೊ,” ಎಂದಳು. “ಇವನೂ ಹೋದ ಮೇಲೆ ಎವರ್ಟ್‌ನ ಕೊನೇಲಿ ನೋಡಿದೋರು ಯಾರೂ ಉಳೀಲಿಲ್ಲ. ನನ್ನ ಪರವಾಗೂ ನೀನೇ ಒಂದು ಹಿಡಿ ಮಣ್ಣು ಹಾಕು. ನಂಗೆ ಬಗ್ಗೋಕಾಗಲ್ಲ.”

ಫೋಕ್ಕೊ ಬಾಗಿ ಹಿಡಿ ಮಣ್ಣು ತೆಗೆದುಕೊಂಡ. ಆಗಲೇ ಅವಳು ಅವನ ಕೈ ನೋಡಿದ್ದು.

“ಏನಾಯ್ತೋ ಇದು?”

“ತಿರುಪು ಜಾರ್ತು ಅಮ್ಮ.”

“ಎಷ್ಟು ವರ್ಷ ಆದ್ರೂ ನಿಂಗೆ ಬುದ್ಧಿ ಬರಲ್ಲ. ತಾ ಇಲ್ಲಿ.”

ಅವನು ಮಣ್ಣು ಗುಂಡಿಗೆ ಬಿಟ್ಟು ಕೈ ಕೊಟ್ಟ. ಟಾಲ್ಕೆ ಗೆಣ್ಣುಗಳ ಮೇಲಿನ ಕೆಸರು ಊದಿದಳು. ಕಣ್ಣೀರಿಗೆ ತೊಯ್ದಿದ್ದ ಕರವಸ್ತ್ರವನ್ನು ಕೊಡವಿ, ಆ ಮುಷ್ಟಿಗೆ ಎರಡು ಸುತ್ತು ಸುತ್ತಿ, ಗಂಟಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಬಿಗಿದಳು.