ಚಲೋ ಬಾರಿಸುವವರು

ರಾಧಿಕಾ ನನ್ನ ಶಿಷ್ಯೆ. ಪ್ರತಿ ಭಾನುವಾರ ಅಫಜಲಪುರದಿಂದ ಬಸ್ಸು ಹಿಡಿದು ಆಳಂದಕ್ಕೆ, ನನ್ನ ಮನೆಗೆ, ಚೆಲೋ ಕಲಿಯಲು ಬರುತ್ತಾಳೆ. ಅವಳನ್ನು ಕಂಡರೆ ನನ್ನ ಹೊಟ್ಟೆ ಉರಿಯುತ್ತದೆ. ಶಿಷ್ಯೆ ಬೆಳೆದರೆ ಗುರುವಿಗೆ ಹೆಮ್ಮೆ ಅನ್ನುವವರಿಗೆ ಅಂಥ ಶಿಷ್ಯೆ ಸಿಕ್ಕಿಲ್ಲ, ಅಷ್ಟೇ.

ಪಿಟೀಲಿನ ದೊಡ್ಡಕ್ಕನಂತಿರುವ ಆ ವಾದ್ಯವನ್ನು ಮೊಣಕಾಲುಗಳ ನಡುವೆ ಹಿಡಿದು ಅರ್ಧ ಆಯುಷ್ಯ ಕಳೆದಿದ್ದೇನೆ. ಪುಣೆಯಲ್ಲಿ ಕಲಿತೆ. ಮುಂಬೈಯ ವಾದ್ಯವೃಂದಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತು ಬಾರಿಸಿದೆ. ಸಿನಿಮಾ ರೆಕಾರ್ಡಿಂಗಿನ ಕೆಲಸ ಕಂಪ್ಯೂಟರಿನ ಪಾಲಾದ ಮೇಲೆ ಊರಿಗೆ ಬಂದು ಕಲಿಸತೊಡಗಿದೆ. ವೇದಿಕೆಯ ನಟ್ಟನಡುವೆ ಒಬ್ಬಳೇ ಕೂತು ಬಾರಿಸುವ ಯೋಗ ಮಾತ್ರ ಒಮ್ಮೆಯೂ ಬರಲಿಲ್ಲ. ನಮ್ಮ ಸೀಮೆಯಲ್ಲಂತೂ ವಾದ್ಯದ ಹೆಸರು ಹೇಳುವುದೇ ಫಜೀತಿ.

“ಏನ್ ಬಾರಿಸ್ತೀರಿ ಬಾಯಾರ?”

“ಚೆಲೋ.”

“ಚಲೋ ಬಾರಿಸ್ತೀರಿ ಖರೆ, ಏನ್ ಬಾರಿಸ್ತೀರಿ?”

ಹೋದ ಬುದ್ಧ ಪೂರ್ಣಿಮೆಗೆ ರಾಧಿಕಾ ತಮ್ಮೂರ ವಿಹಾರದಲ್ಲಿ ಬಾರಿಸಿದಳು. ನಾನೇ ಕೊಟ್ಟ ಹಳೆಯ ಚೆಲೋ ಅದು. ಯಾರೋ ವಿಡಿಯೊ ಮಾಡಿದರು. ಅದು ಊರೂರು ತಿರುಗಿ ಕೊನೆಗೆ ನಮ್ಮ ಹಾಲಿನವಳ ಫೋನಿಗೂ ಬಂತು. ನಾನು ಬಾಗಿಲು ಹಾಕಿಕೊಂಡು ಮತ್ತೆ ಮತ್ತೆ ನೋಡಿದೆ, ಎಲ್ಲಾದರೂ ತಪ್ಪು ಸಿಕ್ಕೀತೇ ಎಂದು. ಸಿಗಲಿಲ್ಲ, ಅದರ ಮಾರಿ ಸುಡಲಿ!

ಅದಾದ ಸ್ವಲ್ಪ ದಿನಕ್ಕೆ ಜೇವರ್ಗಿಯಿಂದ ದೇವೀಂದ್ರಪ್ಪನವರ ಫೋನು. ಅಲ್ಲಿಯ ಸಂಗೀತ ಮಂಡಳಿಯ ಅಧ್ಯಕ್ಷರು.

“ಭುವನೇಶ್ವರಿ ಮೇಡಮ್ಮಾರ, ನಿಮ್ಮಲ್ಲಿ ಚಲೋ ಬಾರಿಸೋರು ಅದಾರಂತಲ್ರಿ. ನಮ್ಮ ಕಾರ್ಯಕ್ರಮಕ್ಕ ಅವರು ಬೇಕ್ರಿ.”

ನನ್ನ ಕಿವಿಗೆ ಬಿದ್ದದ್ದು ಚೆಲೋ. ಈ ಸುತ್ತಮುತ್ತ ಚೆಲೋ ಬಾರಿಸುವವರೆಂದರೆ ನಾನಲ್ಲದೆ ಮತ್ಯಾರು? “ಬರ್ತೇನ್ರಿ” ಅಂದೆ. ರಾಧಿಕಾಗೆ ಸುಳಿವೂ ಕೊಡಲಿಲ್ಲ.

ಜೇವರ್ಗಿಯಲ್ಲಿ ದೇವೀಂದ್ರಪ್ಪ ಕೈಮುಗಿದು ನನ್ನ ಬೆನ್ನ ಹಿಂದೆ ಇಣುಕಿದರು.

“ಹುಡುಗಿ ಎಲ್ಲಿ ಅದಾಳ್ರಿ?”

“ಯಾವ ಹುಡುಗಿ?”

“ವಿಡಿಯೊದಾಗಿನ ಹುಡುಗಿರಿ. ಚಲೋ ಬಾರಿಸೋರು ಬೇಕಂತ ಹೇಳಿದ್ನಲ್ರಿ? ನೀವು ಆಕಿಗಿ ಕರಕೊಂಡು ಬರ್ತೀರಿ ಅನ್ಕೊಂಡಿದ್ವಿ.”

ಅಯ್ಯೋ ನನ್ನ ಕರ್ಮವೇ! ಅವರು ಕೇಳಿದ್ದು ಚೆಲೋ ಬಾರಿಸುವವರನ್ನಲ್ಲ, ಚೆನ್ನಾಗಿ ಬಾರಿಸುವವರನ್ನು. ಎಲುಬಿಲ್ಲದ ನಾಲಿಗೆ ತಾನೇ ಹೊರಳಿತು.

“ಆಕಿಗಿ ಜ್ವರಾ ಬಂದಾವ್ರಿ.”

“ಅಯ್ಯ ಪಾಪ! ನಂಬರ್ ಕೊಡ್ರಿ, ಹ್ಯಾಂಗದಾಳ ಕೇಳೋಣು.”

ಕೊಡುವುದಿಲ್ಲ ಎನ್ನಲು ನೆಪ ಹೊಳೆಯಲಿಲ್ಲ. ಆ ಪುಣ್ಯಾತ್ಮ ಸ್ಪೀಕರ್ ಬೇರೆ ಹಾಕಿದರು.

“ಯಾಕವ್ವ ರಾಧಿಕಾ, ಜ್ವರಾ ಬಂದಾವಂತ? ನಿಮ್ಮ ಮೇಡಮ್ಮಾರು ಜೇವರ್ಗಿಗಿ ಬಾರಿಸಾಕ ಬಂದಾರ. ನೀನೂ ಬರ್ತಿ ಅಂತ ದಾರಿ ನೋಡಾಕತ್ತಿದ್ವಿ.”

ಆ ಕಡೆ ಕುಕ್ಕರಿನ ಸೀಟಿ ಕೇಳಿಸಿತು. ನನ್ನ ಮರ್ಯಾದೆ ಅವಳ ಒಂದು ಮಾತಿನ ಮೇಲೆ ನಿಂತಿತ್ತು.

“ಹೌದ್ರಿ,” ಅಂದಳು ರಾಧಿಕಾ. “ನಿನ್ನಿಯಿಂದ ಅದಾವ್ರಿ. ಮೇಡಮ್ಮಾರು ಅದಾರಲ್ರಿ, ಅವರ ಮುಂದ ನಾ ಏನ್ರಿ? ಫೋನ್ ಹಂಗೇ ಚಾಲೂ ಇಡ್ರಿ, ನಾನೂ ಕೇಳ್ತೇನಿ.” ಮೇಲೆ ಒಂದಿಷ್ಟು ಕೆಮ್ಮಿದಳು, ನನ್ನ ಸುಳ್ಳಿಗೆ ಒಗ್ಗರಣೆ ಹಾಕಿದಂತೆ.

ದೇವೀಂದ್ರಪ್ಪ ಫೋನನ್ನು ಮುಂದಿನ ಸಾಲಿನ ಖಾಲಿ ಕುರ್ಚಿಯ ಮೇಲಿಟ್ಟರು. ವೇದಿಕೆಯ ನಡುವೆ ಒಬ್ಬಳೇ ಕೂತೆ. ಯಮನ್ ರಾಗ ಬಾರಿಸಿದೆ. ಜನ ತಲೆದೂಗಿದರು, ಚಪ್ಪಾಳೆ ಹೊಡೆದರು, ಶಾಲು ಹೊದಿಸಿದರು. ಜೀವಮಾನವಿಡೀ ಬಯಸಿದ್ದು ಇದನ್ನೇ, ಆದರೆ ನನ್ನ ಕಣ್ಣು ಆ ಕುರ್ಚಿಯನ್ನು ಬಿಟ್ಟು ಕದಲಲಿಲ್ಲ. ಎಲ್ಲಿ ಸ್ವರ ಜಾರಿತೆಂದು ಆ ಸಭೆಯಲ್ಲಿ ತಿಳಿದದ್ದು ನನಗೆ ಮತ್ತು ಆ ಫೋನಿಗೆ.

ಇಳಿದು ಬಂದವಳೇ ಫೋನು ಎತ್ತಿಕೊಂಡು, ಸ್ಪೀಕರ್ ಆರಿಸಿ, ಮೂಲೆಗೆ ಹೋದೆ. ಬೈದರೆ ತಿರುಗಿ ಬೈಯಲು ಸಜ್ಜಾಗಿದ್ದೆ. ನೀ ಯಾರ ಕೈಯಲ್ಲಿ ಕಲಿತಿ ಎಂದು ಕೇಳುವವಳಿದ್ದೆ.

“ಭಾಳ ಛಂದ ಆಯ್ತ್ರಿ ಮೇಡಮ್,” ಅಂದಳು. ದನಿಯಲ್ಲಿ ಸಿಟ್ಟಿನ ಎಳೆಯೂ ಇಲ್ಲ. ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು. ನಾನಾಗಿದ್ದರೆ ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದೆ.

ಆಮೇಲೆ ಅವಳೇ ಕೇಳಿದಳು:

“ಐತಾರಕ್ಕ ಕ್ಲಾಸಿಗಿ ಬರಲೇನ್ರಿ ಮೇಡಮ್? ಇಲ್ಲಾ ನನಗ ಅವತ್ತೂ ಜ್ವರಾ ಇರ್ತಾವೇನ್ರಿ?”