ಓಣಿಯ ನಂಬರು

ಹೆಡ್‌ಮಾಸ್ತರ ಮೇಜಿನ ಮೇಲಿದ್ದ ಮೊಬೈಲನ್ನೇ ನೋಡುತ್ತ ರೇಣು ನಿಂತಿದ್ದಳು. ಪಕ್ಕದಲ್ಲಿ ಅಪ್ಪ ಕಾಡಪ್ಪ, ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಂಡುತ್ತಿದ್ದ. ಉಗರಗೋಳದಿಂದ ಸವದತ್ತಿಗೆ ಬರುವ ಬಸ್ಸಿನಲ್ಲಿ ಅವನು ಮಗಳಿಗೆ ಹೇಳಿದ್ದು ಒಂದೇ ಮಾತು: "ಹುಡುಗರ ಸುದ್ದಿ ಏನರ ಹೊರಗ ಬಿತ್ತಂದ್ರ ಇವತ್ತಽ ಸಾಲಿ ಬಂದ್. ನಿಮ್ಮ ಸೋದರಮಾವ ಹೆಂಗೂ ಹೆಣ್ಣು ಕೇಳಾಕ ಹತ್ಯಾನ."

ಒಂಬತ್ತನೇ ತರಗತಿಯವರೆಗೆ ಗಣಿತದಲ್ಲಿ ಎಲ್ಲರಿಗಿಂತ ಮುಂದಿದ್ದ ಹುಡುಗಿ ಹತ್ತನೆಯ ಅರ್ಧವಾರ್ಷಿಕದಲ್ಲಿ ನಪಾಸಾಗಿದ್ದಳು. ನಿನ್ನೆ ಅವಳ ಚೀಲದಲ್ಲಿ ಮೊಬೈಲು ಸಿಕ್ಕಿತ್ತು. ಹೆಡ್‌ಮಾಸ್ತರ ಮಲಕಾಜಪ್ಪನವರಿಗೆ ಇವೆರಡನ್ನು ಜೋಡಿಸಲು ಬಹಳ ಹೊತ್ತೇನೂ ಬೇಕಾಗಲಿಲ್ಲ.

"ನೋಡಪಾ ಕಾಡಪ್ಪ, ಒಂದಕ್ಕೂ ಹೆಸರಿಲ್ಲ, ಬರೇ ನಂಬರು," ಎಂದರು ಗುಂಡಿ ಒತ್ತುತ್ತ. "ಅದರಾಗ ಈ ಒಂದು ನಂಬರು ನಿನ್ನೆಯಿಂದ ಬಿಟ್ಟೂಬಿಡದ ಬಡಕೊಳ್ಳಾಕ ಹತ್ತೈತಿ. ಯಾರವ್ವಾ ಇವ?"

"ಓಣ್ಯಾವರ ಫೋನ್ ರೀ ಸರ್."

"ಇಡೀ ಓಣಿಗೆ ನೀನಽ ಟೆಲಿಫೋನ್ ಆಫೀಸೇನ?"

ಹೌದು, ಆಗಿದ್ದದ್ದು ಅದೇ. ಇನ್‌ಕಮಿಂಗ್ ಪುಕ್ಕಟೆಯಾದ ವರ್ಷ ಕಾಡಪ್ಪ ಮೊಬೈಲು ತಂದಿದ್ದ. ಓಣಿಗೆಲ್ಲ ಅದೊಂದೇ. ಗುಡ್ಡದ ಕೆಳಗಿನ ತನ್ನ ಬಳೆ ಅಂಗಡಿಯಲ್ಲಿ ಕೂತು ಕಂಡಕಂಡವರಿಗೆಲ್ಲ, "ನಮ್ಮ ನಂಬರ್ ಕೊಡ್ರಿ, ಹುಡುಗಿ ಹೇಳತಾಳ," ಎಂದು ದೊಡ್ಡಸ್ತಿಕೆ ಮೆರೆದಿದ್ದ. ಅವನಿಗೆ ಹಸಿರು ಗುಂಡಿ ಯಾವುದು, ಕೆಂಪು ಯಾವುದು ತಿಳಿಯುತ್ತಿರಲಿಲ್ಲ. ಅವ್ವ ಮರೆವ್ವನಿಗೂ ಅಷ್ಟೇ. ಹಾಗಾಗಿ ಅದು ರೇಣುವಿನ ಜೊತೆ ಶಾಲೆಗೇ ಬರತೊಡಗಿತು. ಪುಸ್ತಕ ತೆರೆದರೆ ತಾಯವ್ವನ ಅಣ್ಣನ ಫೋನು. ಲೆಕ್ಕ ಹಿಡಿದರೆ ಯಲ್ಲವ್ವನ ಬೀಗರದು. ಮನೆಯಲ್ಲಿದ್ದರೆ ಓಡಿಹೋಗಿ ಕರೆಯಬೇಕು, ಶಾಲೆಯಲ್ಲಿದ್ದರೆ ಸಂಜೆಯವರೆಗೆ ಸುದ್ದಿ ತಲೆಯಲ್ಲಿಟ್ಟುಕೊಳ್ಳಬೇಕು. ಪಾಪ, ಅವಳ ತಲೆಯಲ್ಲಿ ಬೀಜಗಣಿತಕ್ಕೆ ಜಾಗವೇ ಉಳಿದಿರಲಿಲ್ಲ.

ಹೇಳು ಅಪ್ಪಾ ಎನ್ನುವಂತೆ ರೇಣು ಅವನತ್ತ ನೋಡಿದಳು.

"ಸಾಲಿಗೆ ಮೊಬೈಲು ಕೊಟ್ಟು ಕಳಿಸಿದವರು ಯಾರು?" ಮಾಸ್ತರ ದನಿ ಏರಿತು.

ಕಾಡಪ್ಪ ಕೈಯಲ್ಲಿದ್ದ ಟೋಪಿಯನ್ನೇ ನೋಡುತ್ತ ಹೇಳಿದ: "ನಾ ಮನ್ಯಾಗ ಇಡು ಅಂದಿದ್ದೆರಿ, ಸಾಹೇಬ್ರ."

ಬೈದಿದ್ದರೆ ರೇಣು ತಡೆದುಕೊಳ್ಳುತ್ತಿದ್ದಳು, ಹೊಡೆದಿದ್ದರೂ ತಡೆದುಕೊಳ್ಳುತ್ತಿದ್ದಳು. ಅಪ್ಪ ಸುಳ್ಳು ಹೇಳುತ್ತಾನೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ಅಷ್ಟರಲ್ಲಿ ಮೇಜಿನ ಮೇಲೆ ಫೋನು ಹೊಡೆದುಕೊಂಡಿತು.

"ಅದಽ ನಂಬರು!" ಮಾಸ್ತರು ಸ್ಪೀಕರ್ ಹಾಕಿ ಅವಳ ಮುಂದೆ ಹಿಡಿದರು. "ಮಾತಾಡು. ನಾವೂ ಕೇಳತೇವಿ."

"ಹಲೋ..." ಎಂದಳು ರೇಣು.

"ರೇಣು, ಎಲ್ಲಿ ಸತ್ತಿದ್ದಿಯೇ ತಂಗಿ?" ಗಂಡಸಿನ ದನಿ ನಡುಗುತ್ತಿತ್ತು. "ನಾ ರಾಮಲಿಂಗಪ್ಪ, ಇಚಲಕರಂಜಿಯಿಂದ. ನಿನ್ನೆಯಿಂದ ಮಾಡಾಕ ಹತ್ತೇನಿ. ನಮ್ಮ ಕೆಂಚವ್ವಗ ಬ್ಯಾನಿ ತಗೊಂಡಾವಂತ. ಏನಾತ? ಹೇಳ ಲಗೂನ!"

ರೇಣು ಎಲ್ಲವನ್ನೂ ಮರೆತಳು. "ನಿಮಗ ಮಗಳು ಹುಟ್ಯಾಳ್ರಿ ಕಾಕಾ, ನಸುಕಿನ್ಯಾಗ. ಇಬ್ಬರೂ ಆರಾಮ ಅದಾರ. ಹೇಳಾಕ ಫೋನ್ ನನ್ನ ಹತ್ರ ಇರಲಿಲ್ರಿ."

ಆ ಕಡೆ ಗಂಡಸು ಬಿಕ್ಕಿ ಬಿಕ್ಕಿ ಅಳುವುದು ಕೋಣೆಗೆಲ್ಲ ಕೇಳಿಸಿತು. ಮಾಸ್ತರು ಕನ್ನಡಕ ತೆಗೆದು ಒರೆಸತೊಡಗಿದರು.

ಕಾಡಪ್ಪ ಫೋನಿನ ಹತ್ತಿರ ಬಾಗಿದ. "ರಾಮಲಿಂಗಪ್ಪಾ, ನಾ ಕಾಡಪ್ಪ. ಇನ್ನ ಮ್ಯಾಲೆ ಹಗಲ ಹೊತ್ತಿನ್ಯಾಗ ಮಾಡಬ್ಯಾಡಪಾ. ಹುಡುಗಿ ಸಾಲ್ಯಾಗ ಇರತಾಳ." ಯಾರಿಗೂ ಇಲ್ಲ ಎಂದು ಹೇಳಿ ಗೊತ್ತಿಲ್ಲದ ಮನುಷ್ಯ, ಅಷ್ಟು ಹೇಳುವಷ್ಟರಲ್ಲಿ ಬೆವೆತುಹೋದ. ಆಮೇಲೆ ಮಾಸ್ತರತ್ತ ತಿರುಗಿ, "ನಾನಽ ಕೊಟ್ಟು ಕಳಿಸಿದ್ದೆರಿ. ಸುಳ್ಳು ಹೇಳಿದೆ," ಎಂದ. ಮಗಳ ಮುಖ ನೋಡುವ ಧೈರ್ಯ ಮಾತ್ರ ಅವನಿಗಾಗಲಿಲ್ಲ.

"ಹೋಗವಾ, ಗಣಿತದ ತಾಸು ಸುರು ಆಗೇತಿ," ಎಂದರು ಮಾಸ್ತರು.

ರೇಣು ತರಗತಿಗೆ ಬಂದು ಕೂತಳು. ಕಿಟಕಿಯಾಚೆ ಅಪ್ಪ, ಮಾಸ್ತರು ಮರಳಿ ಕೊಟ್ಟ ಮೊಬೈಲನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಬಯಲು ದಾಟುತ್ತಿದ್ದ. ನಡುವೆ ಅದು ಮತ್ತೆ ಹೊಡೆದುಕೊಂಡಿತು. ತೆಗೆದು ಈ ಗುಂಡಿ ಒತ್ತಿದ, ಆ ಗುಂಡಿ ಒತ್ತಿದ, ಅದು ಸುಮ್ಮನಾಗಲಿಲ್ಲ. ಹುಡುಗರೆಲ್ಲ ಗೊಳ್ಳೆಂದು ನಕ್ಕರು. ರೂಢಿಬಲದಿಂದ ರೇಣುವಿನ ಕಾಲುಗಳು ಎದ್ದೇಬಿಟ್ಟವು. ಅವಳು ಎರಡೂ ಕೈಯಿಂದ ಬೆಂಚು ಗಟ್ಟಿಯಾಗಿ ಹಿಡಿದುಕೊಂಡಳು.

ಅಪ್ಪ ಒಮ್ಮೆ ಕಿಟಕಿಯತ್ತ ನೋಡಿದ. ಕರೆಯಲಿಲ್ಲ. ಹೊಡೆದುಕೊಳ್ಳುತ್ತಿದ್ದ ಫೋನನ್ನು ಹಾಗೆಯೇ ಕಿಸೆಗೆ ಹಾಕಿಕೊಂಡು ಗೇಟು ದಾಟಿ ನಡೆದುಬಿಟ್ಟ.