ಎಡಗಡೆಯ ಸಾರು

"ಆ ಬಟ್ಟಲು ಮುಟ್ಟಬೇಡ ಮಾಲ್‌ಸುನ್!" ಎಂದು ಗಂಡನ ಅಣ್ಣ ಗಿಸೊಪ್ ಗದರುವಷ್ಟರಲ್ಲಿ, ಅವಳು ತೀರಿಕೊಂಡ ಗಂಡ ಗಿಬೊಂಗನ ಫೋಟೋದ ಮುಂದೆ ಎಡೆಯಿಟ್ಟಿದ್ದ ಸಾರನ್ನು ಎತ್ತಿಯಾಗಿತ್ತು.

"ಬದುಕಿರೋರಿಗೆ ಸಾರು ಬಲಗೈ ಕಡೆ, ಸತ್ತೋರಿಗೆ ಎಡಗೈ ಕಡೆ. ನಮ್ಮಪ್ಪನಿಗೂ ಹೀಗೇ ಇಟ್ಟಿದ್ದು."

"ನಿಮ್ಮಪ್ಪನಿಗೆ ಎಡಗಡೆ ಇರೋದು ಗೊತ್ತಾಗ್ತಿತ್ತು ಭಾವ. ಇವರಿಗೆ ಗೊತ್ತಾಗ್ತಿತ್ತಾ?"

ತೇಗು ನಗರದ ಶವಾಗಾರದಲ್ಲಿ ಸಂತಾಪಕ್ಕೆ ಬಂದವರಿಗೆಂದಿದ್ದ ಆ ಕೋಣೆಯಲ್ಲಿ ಊಟಕ್ಕೆ ಕೂತಿದ್ದವರ ಚಮಚಗಳು ನಿಂತವು. ಗಿಸೊಪ್ ದನಿ ತಗ್ಗಿಸಿದ.

"ಕಣ್ಣು ಚೆನ್ನಾಗೇ ಇತ್ತಲ್ಲ. ರಸ್ತೆ ದಾಟೋವಾಗ ಮನಸ್ಸಿಟ್ಟು ನೋಡಿದ್ರೆ ಎಡಗಡೆಯಿಂದ ಬಂದು ಗುದ್ದಿದ ಬೈಕ್ ಕಾಣ್ತಿರ್ಲಿಲ್ವಾ? ಮೂವತ್ತು ವರ್ಷ ಬಸ್ ಓಡಿಸಿದೋನು!"

ಮಾಲ್‌ಸುನ್‌ಗೆ ಮೈಯೆಲ್ಲ ಉರಿದುಹೋಯಿತು. ಮೂವತ್ತು ವರ್ಷ ಬಸ್ಸಿಗೆ ಒಂದು ಗೀರು ಬೀಳಿಸದ ಮನುಷ್ಯನಿಗೆ ಅವನ ಎಡೆಯ ಮುಂದೆಯೇ ಈ ಮಾತು!

\*

ಪಾರ್ಶ್ವವಾಯು ಹೊಡೆದ ಮೇಲೆ ಗಿಬೊಂಗನ ಮಿದುಳು ಎಡಗಡೆಯನ್ನು ಕೈಬಿಟ್ಟಿತ್ತು; ಕಣ್ಣು ಸರಿಯಿದ್ದರೂ ಆ ಕಡೆ ಇರುವುದೇನೂ ಅವನ ಗಮನಕ್ಕೆ ಬರುತ್ತಿರಲಿಲ್ಲ. ಬಟ್ಟಲಿನ ಬಲ ಅರ್ಧ ಅನ್ನ ಉಂಡು ಏಳುತ್ತಿದ್ದ. ಅವಳು ಬಟ್ಟಲು ತಿರುಗಿಸಿದರೆ, "ಅಯ್ಯೋ, ಇನ್ನೂ ಇತ್ತಾ?" ಎಂದು ನಗುತ್ತಿದ್ದ.

ಆಸ್ಪತ್ರೆಯಲ್ಲಿ ತಲೆಗೆ ಯಂತ್ರವೊಂದನ್ನು ಹಿಡಿದು ಮಿದುಳನ್ನು ಚುರುಕುಗೊಳಿಸುತ್ತಿದ್ದರು. ಟಕ್ ಟಕ್ ಸದ್ದಿಗೆ ಅವನು, "ಮರಕುಟಿಗ ಬಂತು ನೋಡೇ" ಎನ್ನುತ್ತಿದ್ದ. ಹನ್ನೆರಡನೆಯ ದಿನ ಅವನ ಚಾಪ್‌ಸ್ಟಿಕ್ ತಾನಾಗಿ ಎಡಗಡೆಯ ಕಿಮ್ಚಿಗೆ ಹೋಯಿತು. ಯಂತ್ರದಿಂದಲೋ ಅವನ ಹಟದಿಂದಲೋ, ಅವಳಿಗೆ ಗೊತ್ತಿಲ್ಲ. ಊಟ ಬಿಟ್ಟು ಅತ್ತಿದ್ದು ಮಾತ್ರ ನೆನಪಿದೆ.

ಅದಾಗಿ ಎರಡೇ ದಿನಕ್ಕೆ ಡಾಕ್ಟರ್ ಪೆಕ್ ಫೈಲಿನಿಂದ ತಲೆಯೆತ್ತದೆ ಹೇಳಿದ: "ರೋಗಿಗೆ ಗಮನ ಕೊಡೋ ಮನಸ್ಸೇ ಇಲ್ಲ. ಈ ಚಿಕಿತ್ಸೆ ಇನ್ನು ಸಾಕು."

"ಗಮನ ಕೊಡೋಕಾಗಲ್ಲ ಅಂತಲೇ ಅಲ್ವಾ ಡಾಕ್ಟ್ರೇ ಇಲ್ಲಿಗೆ ಬಂದಿದ್ದು? ಮೊನ್ನೆ ಕಿಮ್ಚಿ ತಗೊಂಡ್ರು, ನಾನೇ ನೋಡಿದೆ!"

ಅವನು ಕತ್ತು ಹೊರಳಿಸಲೂ ಇಲ್ಲ. ಫೈಲು ಮುಚ್ಚಿದ.

\*

ಅದನ್ನೆಲ್ಲ ಅವಳು ಈಗ ನೆಂಟರೆದುರೇ ಒದರಿಬಿಟ್ಟಳು.

ಅಷ್ಟರಲ್ಲಿ ಕೆಲಸದವರು ಆಳೆತ್ತರದ ಹೂವಿನ ಸ್ಟ್ಯಾಂಡೊಂದನ್ನು ತಂದು ಫೋಟೋದಲ್ಲಿದ್ದ ಗಿಬೊಂಗನ ಬಲಗೈ ಪಕ್ಕ ಇಟ್ಟು ಹೋದರು. ರಿಬ್ಬನ್ನಿನ ಮೇಲೆ ದಪ್ಪಕ್ಷರದಲ್ಲಿ ಡಾಕ್ಟರ್ ಪೆಕ್‌ನ ಹೆಸರು, ಕೆಳಗೆ 'ತೀವ್ರ ಸಂತಾಪ'.

"ನಾಚಿಕೆಗೆಟ್ಟೋನು!" ಎಂದಳು ಮಾಲ್‌ಸುನ್. ಸಾರಿನ ಬಟ್ಟಲನ್ನು ಗಂಡನ ಬಲಗಡೆಗೆ ಇಟ್ಟಳು. "ಇದು ಇವರಿಗೆ ಕಾಣ್ಲಿ."

ಆಮೇಲೆ ಸ್ಟ್ಯಾಂಡಿಗೆ ಕೈಹಾಕಿದಳು. "ಇದು ಕಾಣೋದು ಬೇಡ."

ಅದು ಅಲುಗಲಿಲ್ಲ. ಗಿಸೊಪ್ ಸಾರಿನ ಬಟ್ಟಲನ್ನೇ ಒಂದು ಗಳಿಗೆ ನೋಡಿದ. ಅದನ್ನು ಮುಟ್ಟದೆ ಬಂದು ಸ್ಟ್ಯಾಂಡಿನ ಇನ್ನೊಂದು ಕಾಲು ಹಿಡಿದ. ಇಬ್ಬರೂ ಸೇರಿ ಅದನ್ನು ದರದರ ಎಳೆದು ಗಿಬೊಂಗನ ಎಡಗಡೆಯ ಮೂಲೆಗೆ ನಿಲ್ಲಿಸಿದರು.